ವಿದ್ಯಾರ್ಥಿನಿಯರೂ ಊರಿನ ಬೀದಿಗಳೂ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿದಾಗ, ಶಾಲೆಯ ಅಭಿವೃದ್ಧಿಯನ್ನು ಕುರಿತೋ ಸ್ತ್ರೀ ವಿದ್ಯಾಭ್ಯಾಸದ ಮಹತ್ವವನ್ನು ಕುರಿತೋ ನಾಲ್ಕು ಮಾತುಗಳನ್ನು ಬರೆಯುವೆವೆಂದು ಅವರು ಎಣಿಸಿದ್ದಿರಬಹುದು. ನಾವಾದರೋ ಈ ಸಲ ಬೀದಿಗಳ ವಿಚಾರವನ್ನು ಎತ್ತಿಕೊಂಡಿರುವೆವು. ಪಾಠ ಹೇಳುವವರಿಗೂ ರಸ್ತೆಯ ಕೆಲಸಕ್ಕೂ ಏನು ಸಂಬಂಧವೆಂದು ಕೆಲವರು ಕೇಳಿಯಾರು. ಬಾಲಿಕೆಯು ಶಾಲೆಯೊಳಗೆ ಕಳೆಯುವ ಹೊತ್ತನ್ನು ಕುರಿತು ಸರ್ಕಾರದವರೂ ನಾವೂ ಬಹಳ ಆಲೋಚನೆ ಮಾಡುತ್ತೇವೆ. ಆದರೆ ಅವಳು ಮನೆಯ ಹೊಸ್ತಿಲನ್ನು ದಾಟಿದುದು ಮೊದಲ್ಗೊಂಡು ಶಾಲೆಯ ಬಾಗಿಲನ್ನು ಸೇರುವವರೆಗಿನ ಹೊತ್ತು ಯಾರ ಹೊಣೆಯೂ ಅಲ್ಲದೆ ಉಳಿದಿದೆ. ಅವಳು ಯಾವ ಶಾಲೆಗೆ ಹೋಗಬೇಕು, ಮುಂದೆ ಯಾವ ವಿಷಯವನ್ನು ಓದಬೇಕು, ಎಲ್ಲಿಯವರೆಗೆ ಓದಬೇಕು ಎಂಬುದನ್ನು ಅನೇಕ ಮನೆಗಳಲ್ಲಿ ನಿಶ್ಚಯಿಸುವುದು ಆ ದಾರಿಯೇ. ಆದುದರಿಂದ ಬೀದಿಯ ವಿಚಾರವು ವಿದ್ಯಾಭ್ಯಾಸದ ವಿಚಾರವೇ ಆಗಿದೆಯೆಂಬುದು ನಮ್ಮ ಅಭಿಪ್ರಾಯ.

ಹೆಣ್ಣುಮಕ್ಕಳ ಶಾಲೆಗಳ ಚರಿತ್ರೆಯನ್ನು ಬಲ್ಲವರಿಗೆ ಒಂದು ಸಂಗತಿ ನೆನಪಿರಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶದ ಪಟ್ಟಣಗಳಲ್ಲಿ ಬಾಲಿಕಾ ಪಾಠಶಾಲೆಗಳು ಮೊದಲಾದಾಗ, ಅನೇಕ ಕಡೆಗಳಲ್ಲಿ ಹುಡುಗಿಯರನ್ನು ಪರದೆ ಕಟ್ಟಿದ ಗಾಡಿಗಳಲ್ಲಿ ಕರೆತಂದು ಕರೆದೊಯ್ಯುವ ಪದ್ಧತಿಯಿದ್ದಿತು. ಹೆಣ್ಣುಮಗಳು ಬೀದಿಯಲ್ಲಿ ನಡೆಯುವುದು ಮರ್ಯಾದೆಗೆ ಕುಂದೆಂದು ಆಗಿನವರು ತಿಳಿದಿದ್ದರು. ಕ್ರಮೇಣ ಆ ಪರದೆ ಹರಿಯಿತು, ಗಾಡಿಯೂ ಹೋಯಿತು. ಪುಸ್ತಕದ ಚೀಲವನ್ನು ಹೆಗಲಿಗೇರಿಸಿಕೊಂಡು, ಗೆಳತಿಯರ ಕೈಹಿಡಿದು, ನಗುತ್ತ ಮಾತಾಡುತ್ತ ನಡೆದು ಬರುವ ಹುಡುಗಿಯರ ಗುಂಪು ಊರ ಬೀದಿಗೆ ಒಂದು ಸಾಮಾನ್ಯ ನೋಟವಾಯಿತು. ಇದು ಸಣ್ಣ ಗೆಲುವಲ್ಲ. ಎಷ್ಟೋ ಮಂದಿ ತಾಯಂದಿರೂ ಉಪಾಧ್ಯಾಯಿನಿಯರೂ ನಿಂದೆಯನ್ನು ಸಹಿಸಿ ಪಡೆದ ಗೆಲುವು. ಈಗ ನೋಡಿದರೆ ನಮ್ಮ ಬಾಲಿಕೆಯರಲ್ಲಿ ಬಹುಮಂದಿ ಮರಳಿ ಗಾಡಿಯನ್ನು ಹತ್ತಿದ್ದಾರೆ. ಪರದೆಯ ಗಾಡಿಗೆ ಪ್ರತಿಯಾಗಿ ಶಾಲೆಯ ವ್ಯಾನು, ಆಟೋರಿಕ್ಷಾ, ತಂದೆಯ ಸ್ಕೂಟರು, ಕಾರುಗಳು ಬಂದಿವೆ. ಮರ್ಯಾದೆಯ ಭಯವು ಹೋದೆಡೆಯಲ್ಲಿ ಮೋಟಾರಿನ ಭಯವು ಬಂದು ಕುಳಿತಿದೆ. ಅರ್ಧ ಮೈಲಿಯ ದೂರದಲ್ಲಿ ಮನೆಯಿರುವ ಹನ್ನೆರಡು ವರ್ಷದ ಹುಡುಗಿಯನ್ನು ಕೂಡ ಒಬ್ಬಳನ್ನೇ ಕಳುಹಿಸಲು ತಾಯಿ ಒಪ್ಪಳು; ಇದಕ್ಕಾಗಿ ನಾವು ಆ ತಾಯಿಯನ್ನು ಆಕ್ಷೇಪಿಸುವಂತೆಯೂ ಇಲ್ಲ.

ಏಕೆಂದರೆ ಆ ಭಯಕ್ಕೆ ಆಧಾರವಿದೆ. ಕೇಂದ್ರ ಸರ್ಕಾರವು ಪ್ರಕಟಿಸಿದ ಲೆಕ್ಕದ ಮೇರೆಗೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಅಪಘಾತಗಳಿಂದ ಸತ್ತವರು 1,68,491 ಮಂದಿ. ಇವರಲ್ಲಿ 32,825 ಮಂದಿ ಕಾಲ್ನಡಿಗೆಯವರು. ಅಂದರೆ ಒಂದೊಂದು ದಿನಕ್ಕೂ ಸುಮಾರು ತೊಂಬತ್ತು ಮಂದಿ. ಯಾರಿಗೂ ಯಾವ ಅಪಾಯವನ್ನೂ ಮಾಡಲಾರದವರು, ಹೊಗೆಯನ್ನು ಬಿಡದವರು, ಬೀದಿಯಲ್ಲಿ ಎಲ್ಲರಿಗಿಂತ ಕಡಿಮೆ ಸ್ಥಳವನ್ನು ಬೇಡುವವರು ಹೀಗೆ ಸಾಯುತ್ತಿರುವಾಗ, ಬೀದಿಯನ್ನು ರಚಿಸಿದ ಕ್ರಮದಲ್ಲಿಯೇ ಏನೋ ತಪ್ಪಿದೆಯೆಂದು ಒಪ್ಪಬೇಕಾಗುತ್ತದೆ.

ನಮ್ಮ ಜಕ್ಕೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಬಹುಕಾಲ ಬೆಂಗಳೂರಿನ ಹೊರಗಿನ ಹಳ್ಳಿಯಾಗಿತ್ತು. ಸುಮಾರು 160 ಎಕರೆಯ ಕೆರೆ, ಅದರ ಕೆಳಗೆ ರಾಚೇನಹಳ್ಳಿಯ ಕೆರೆ, ನಡುವೆ ಹೊಲ ತೋಟಗಳು ಇದ್ದವು. 1948ರಲ್ಲಿ ಇಲ್ಲಿ ವಿಮಾನ ಹಾರಾಟವನ್ನು ಕಲಿಸುವ ಸರ್ಕಾರಿ ಶಾಲೆಯು ಸ್ಥಾಪಿತವಾಯಿತು. 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಲ್ಲಿಯೇ ನೆಲೆಸಿತು. 2003ರಲ್ಲಿ ಹೆಬ್ಬಾಳದ ಮೇಲುಸೇತುವೆ ಆಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆಯಿತು. 2014ರಲ್ಲಿ ಬಳ್ಳಾರಿ ರಸ್ತೆಯ ಮೇಲೆ ಕಂಬಗಳನ್ನು ನಿಲ್ಲಿಸಿ ಎತ್ತರದ ದಾರಿಯೊಂದನ್ನು ಕಟ್ಟಿದರು. ದೂರದ ಊರುಗಳಿಂದ ಬಂದು ವಿಮಾನವನ್ನು ಹತ್ತುವವರಿಗೆ ಇದರಿಂದ ಬಹಳ ಅನುಕೂಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ರಸ್ತೆಯ ಈ ಬದಿಯವರು ಆ ಬದಿಗೆ ಹೋಗುವುದು ಮೊದಲಿಗಿಂತ ಕಷ್ಟವಾಯಿತು. ಹಿಂದೆ ಹೊಳೆಯು ಅಡ್ಡಬಂದು ಎರಡು ಊರುಗಳನ್ನು ಬೇರ್ಪಡಿಸುತ್ತಿದ್ದಂತೆ ಈಗ ಹೆದ್ದಾರಿಯು ಬೇರ್ಪಡಿಸುತ್ತದೆ.

ಇದರ ಫಲವನ್ನು ನಾವು ತರಗತಿಯಲ್ಲಿ ಕಾಣುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಓದಿದ ಬಾಲಿಕೆಯೊಬ್ಬಳು ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ಬಹಳ ಒಳ್ಳೆಯ ಅಂಕಗಳನ್ನು ಪಡೆದು ಹತ್ತನೆಯ ತರಗತಿಯನ್ನು ಮುಗಿಸಿದಳು. ವಿಜ್ಞಾನ ವಿಭಾಗದಲ್ಲಿ ಅವಳಿಗೆ ಸ್ಥಳ ದೊರೆತಿದ್ದ ಕಾಲೇಜು ಹೆದ್ದಾರಿಯ ಆಚೆಗಿತ್ತು. ತಂದೆಯು ಕೂಲಿಯ ಕೆಲಸದವನು, ದಿನವೂ ಬಿಟ್ಟುಬರಲಾರನು. ವ್ಯಾನಿಗೆ ಕೊಡಲು ಹಣವಿಲ್ಲ. ಒಬ್ಬಳೇ ದಾಟಿ ಹೋಗುವುದಕ್ಕೆ ಮನೆಯವರು ಒಪ್ಪಲಿಲ್ಲ. ಕಡೆಗೆ ಅವಳು ಈ ಬದಿಯಲ್ಲಿಯೇ ದೊರೆತ ಬೇರೆ ವಿಷಯವನ್ನು ಸೇರಿದಳು. ಯಾರೂ ಅವಳ ವಿದ್ಯೆಯನ್ನು ನಿಲ್ಲಿಸಲಿಲ್ಲ, ಯಾವ ಅಪಘಾತವೂ ಆಗಲಿಲ್ಲ. ಆದುದರಿಂದ ಈ ನಷ್ಟವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಸೇರುವುದಿಲ್ಲ. ಇಂತಹ ಹುಡುಗಿಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ದಾರಿಯು ತೆರೆದರೆ ವಿದ್ಯೆಯೂ ತೆರೆಯುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಪ್ರಮಾಣಗಳಿವೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆದಿಯಲ್ಲಿ ಅಕ್ಷರ ಪ್ರಸಾರದ ಚಳುವಳಿಯನ್ನು ನಡೆಸಿದವರು, ಜಿಲ್ಲಾಧಿಕಾರಿಣಿಯಾಗಿದ್ದ ಶೀಲಾರಾಣಿ ಚುಂಕತ್ತರವರ ಪ್ರೋತ್ಸಾಹದಿಂದ, ಗ್ರಾಮದ ಹೆಂಗಸರಿಗೆ ಅಕ್ಷರದ ಜೊತೆಗೆ ಬೈಸಿಕಲ್ ಸವಾರಿಯನ್ನೂ ಕಲಿಸಿದರು. ಸಾವಿರಾರು ಹೆಂಗಸರು ಕಲಿತರು. ಬಿಹಾರದಲ್ಲಿ 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಬೈಸಿಕಲ್ಲನ್ನು ಕೊಂಡುಕೊಳ್ಳಲು ಸರ್ಕಾರವು ಹಣ ಕೊಡತೊಡಗಿತು. ಇದನ್ನು ಪರೀಕ್ಷಿಸಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶರು, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣವು ಶೇಕಡ 32ರಷ್ಟು ಹೆಚ್ಚಿತೆಂದೂ, ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರವು ಶೇಕಡ 40ರಷ್ಟು ತಗ್ಗಿತೆಂದೂ ತೋರಿಸಿಕೊಟ್ಟಿದ್ದಾರೆ. ನಮ್ಮ ಕರ್ನಾಟಕದಲ್ಲಿಯೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ ಕೊಡುವ ಯೋಜನೆ ಮೊದಲಾಯಿತು. ಕೋವಿಡ್ ವ್ಯಾಧಿಯ ಕಾಲದಲ್ಲಿ ಆ ವಿತರಣೆ ನಿಂತಿತು. ಬೈಸಿಕಲ್ ಎಂಬುದು ಎರಡು ಚಕ್ರಗಳ ಸರಳವಾದ ಯಂತ್ರ. ಅದಕ್ಕೆ ಎಣ್ಣೆಯ ಖರ್ಚಿಲ್ಲ, ಯಾರ ಬಿಡುವನ್ನೂ ಕಾಯಬೇಕಾದ ಅಗತ್ಯವಿಲ್ಲ. ಹುಡುಗಿಯು ಹೋಗಬಲ್ಲ ದೂರವನ್ನು ಅದು ನಾಲ್ಕು ಪಟ್ಟು ಹೆಚ್ಚಿಸುತ್ತದೆ. ಆದರೆ ಅದನ್ನು ನಡೆಸಲು ಬೀದಿಯಲ್ಲಿ ಒಂದು ಗಜದ ಸ್ಥಳವಾದರೂ ನಿರ್ಭಯವಾಗಿ ದೊರೆಯದಿದ್ದರೆ, ಅದು ಹಿತ್ತಿಲಿನ ಗೋಡೆಗೆ ಒರಗಿ ತುಕ್ಕು ಹಿಡಿಯುವುದೇ ಸರಿ.

ಬೆಂಗಳೂರಿನಲ್ಲಿ ಈ ವಿಚಾರವಾಗಿ ಏನೂ ನಡೆದಿಲ್ಲವೆಂದು ಹೇಳುವುದು ನ್ಯಾಯವಾಗದು. ಸುಮಾರು ಹತ್ತು ವರ್ಷಗಳ ಹಿಂದೆ ‘ಟೆಂಡರ್ ಶ್ಯೂರ್’ ಎಂಬ ಯೋಜನೆಯಿಂದ ನಗರದ ಮಧ್ಯದ ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ ಮಲ್ಯ ರಸ್ತೆ ಮೊದಲಾದವುಗಳಲ್ಲಿ ನೀರಿನ ಕೊಳವೆ, ಚರಂಡಿ, ತಂತಿಗಳನ್ನೆಲ್ಲ ಕ್ರಮವಾಗಿ ನೆಲದೊಳಗೆ ಕೂಡಿಸಿ, ಮೇಲೆ ಅಗಲವಾದ ಕಾಲುದಾರಿಗಳನ್ನು ಮಾಡಿದರು. 2018ರಲ್ಲಿ ಚರ್ಚ್ ಸ್ಟ್ರೀಟನ್ನು ಕಲ್ಲುಹಾಸಿನಿಂದ ಹೊಸದಾಗಿ ರಚಿಸಿದರು. 2020ರ ನವೆಂಬರಿನಿಂದ ಕೆಲವು ತಿಂಗಳುಗಳ ಕಾಲ ಶನಿವಾರ ಭಾನುವಾರಗಳಲ್ಲಿ ಅಲ್ಲಿ ಮೋಟಾರುಗಳನ್ನು ತಡೆದು ಜನರಿಗೆ ನಡೆಯಲು ಬಿಟ್ಟರು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಿಂದ 450 ಬೈಸಿಕಲ್ಲುಗಳನ್ನು ಬಾಡಿಗೆಗಿಟ್ಟರು. ಇವೆಲ್ಲ ಮೆಚ್ಚತಕ್ಕ ಕಾರ್ಯಗಳು. ಆದರೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟಗಳನ್ನು ನೆಟ್ಟು ಬೇರ್ಪಡಿಸಿದ ಬೈಸಿಕಲ್ ದಾರಿಯು ಮೆಟ್ರೋ ಕೆಲಸದ ಕಾಲದಲ್ಲಿ ಉಳಿಯಲಿಲ್ಲ. ಅದಕ್ಕೂ ಮುಂಚೆ ಜಯನಗರದಲ್ಲಿ ಬಣ್ಣದ ಗೆರೆಯನ್ನು ಎಳೆದು ಮಾಡಿದ ದಾರಿಯ ಮೇಲೆ ಕಾರುಗಳು ನಿಂತವು. ಬಣ್ಣವನ್ನು ಮೋಟಾರು ಗೌರವಿಸುವುದಿಲ್ಲ, ಕಲ್ಲನ್ನು ಗೌರವಿಸುತ್ತದೆ ಎಂಬುದು ಇದರಿಂದ ಕಲಿಯಬೇಕಾದ ಒಂದು ಪಾಠ. ಇನ್ನೊಂದು ಪಾಠವೂ ಉಂಟು. ಅಂದವಾದ ಕೆಲಸಗಳು ಬಹುಮಟ್ಟಿಗೆ ಅಂಗಡಿ ಬೀದಿಗಳಲ್ಲಿಯೂ ಕಛೇರಿಗಳ ಬೀದಿಗಳಲ್ಲಿಯೂ ಆಗಿವೆ. ಮಕ್ಕಳು ಪ್ರತಿದಿನವೂ ನಡೆಯುವ ಊರ ಅಂಚಿನ ದಾರಿಗಳು ಆ ಸರದಿಯಲ್ಲಿ ಕೊನೆಗೆ ನಿಂತಿವೆ.

ಆದುದರಿಂದ ನಮ್ಮ ಸೂಚನೆಯೇನೆಂದರೆ: ಬೀದಿಗಳನ್ನು ಹೊಸದಾಗಿ ರಚಿಸುವ ಕೆಲಸವು ಶಾಲೆಯ ಬಾಗಿಲಿನಿಂದ ಆರಂಭವಾಗತಕ್ಕದ್ದು. ಒಂದೊಂದು ಶಾಲೆಯ ಸುತ್ತಲೂ ಒಂದು ಮೈಲಿಯನ್ನು ಗುರುತಿಸಿ, ಅಷ್ಟರೊಳಗೆ ಹನ್ನೆರಡು ವರ್ಷದ ಬಾಲಿಕೆಯು ಒಬ್ಬಳೇ ನಡೆದಾಗಲಿ ಬೈಸಿಕಲ್ಲಿನ ಮೇಲಾಗಲಿ ಬಂದು ಹೋಗಬಹುದೆ ಎಂಬ ಒಂದೇ ಪರೀಕ್ಷೆಯನ್ನು ಇಡಲಿ. ಅವಳಿಗೆ ಒಳ್ಳೆಯದಾದ ಬೀದಿಯು ಮುದುಕರಿಗೂ, ಬಸುರಿಯರಿಗೂ, ಕುರುಡರಿಗೂ, ತಲೆಯ ಮೇಲೆ ಸೊಪ್ಪಿನ ಬುಟ್ಟಿಯನ್ನು ಹೊತ್ತು ಮಾರುವವಳಿಗೂ ಒಳ್ಳೆಯದೇ ಆಗುವುದು.

“ನಿಮ್ಮ ಹಳ್ಳಿಯ ಗಲ್ಲಿಗಳಲ್ಲಿ ಕಾಲುದಾರಿಗೆ ಸ್ಥಳವೆಲ್ಲಿದೆ?” ಎಂದು ಕೇಳುವವರಿದ್ದಾರೆ. ಇದು ಸರಿಯಾದ ಪ್ರಶ್ನೆ. ಎತ್ತಿನ ಗಾಡಿಗಳ ಕಾಲದ ಗಲ್ಲಿಗಳಲ್ಲಿ ಈಗ ನೀರಿನ ಟ್ಯಾಂಕರುಗಳೂ ಕಟ್ಟಡದ ಸಾಮಾನಿನ ಲಾರಿಗಳೂ ನುಗ್ಗುತ್ತವೆ. ಅಂತಹ ಕಡೆಗಳಲ್ಲಿ ಎರಡು ಅಡಿಯ ಕಾಲುದಾರಿಯನ್ನು ಕಟ್ಟಿ ಕೈತೊಳೆದುಕೊಳ್ಳುವುದರಿಂದ ಪ್ರಯೋಜನವಿಲ್ಲ. ಅಲ್ಲಿ ಮಾಡತಕ್ಕದ್ದು ವೇಗವನ್ನು ತಗ್ಗಿಸುವುದು. ನಮ್ಮ ಒಂಬತ್ತನೆಯ ತರಗತಿಯವರು ಭೌತಶಾಸ್ತ್ರದಲ್ಲಿ ಓದುವಂತೆ, ಚಲಿಸುವ ವಸ್ತುವಿನ ಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 30 ಕಿಲೋಮೀಟರಿನಿಂದ 60ಕ್ಕೆ ಏರಿದ ವಾಹನದ ಪೆಟ್ಟು ಎರಡರಷ್ಟಲ್ಲ, ನಾಲ್ಕರಷ್ಟು. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ನೆರೆದ ರಾಷ್ಟ್ರಗಳು, ಜನರೂ ವಾಹನಗಳೂ ಬೆರೆತು ಸಂಚರಿಸುವ ಕಡೆಗಳಲ್ಲಿ ವೇಗವು 30 ಕಿಲೋಮೀಟರನ್ನು ಮೀರಕೂಡದೆಂದು ಘೋಷಿಸಿದುದು ಇದಕ್ಕಾಗಿಯೇ. ಗಲ್ಲಿಯ ಬಾಯಲ್ಲಿ ನೆಲವನ್ನು ಸ್ವಲ್ಪ ಎತ್ತರಿಸಿ, ತಿರುವುಗಳನ್ನು ಕಿರಿದುಮಾಡಿ, ಶಾಲೆ ಸೇರುವ ಮತ್ತು ಬಿಡುವ ಹೊತ್ತಿನಲ್ಲಿ ಭಾರಿ ವಾಹನಗಳನ್ನು ತಡೆದರೆ, ಗಲ್ಲಿಯ ಇಡೀ ಅಗಲವೇ ಕಾಲುದಾರಿಯಾಗುತ್ತದೆ.

ಅಗಲವಾದ ರಸ್ತೆಗಳ ಮಾತು ಬೇರೆ. ಅಲ್ಲಿ ನಡೆಯುವವರಿಗೂ, ಬೈಸಿಕಲ್ಲಿನವರಿಗೂ, ಮೋಟಾರಿಗೂ ಪ್ರತ್ಯೇಕವಾದ ದಾರಿಗಳಿರಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನವರು 2012ರಲ್ಲಿ ಪ್ರಕಟಿಸಿದ ನಿಯಮಗಳ ಪ್ರಕಾರ ಕಾಲುದಾರಿಯಲ್ಲಿ ಅಡ್ಡಿಯಿಲ್ಲದೆ ನಡೆಯುವ ಸ್ಥಳವು ಕಡೆಯ ಪಕ್ಷ 1.8 ಮೀಟರು ಇರಬೇಕು; ಅದರ ಎತ್ತರವು 150 ಮಿಲಿಮೀಟರನ್ನು, ಎಂದರೆ ಅರ್ಧ ಅಡಿಯನ್ನು ಮೀರಬಾರದು. ನಮ್ಮ ಊರುಗಳಲ್ಲಿ ಅನೇಕ ಕಾಲುದಾರಿಗಳು ಮೊಣಕಾಲೆತ್ತರ. ಅದರ ಮೇಲೆ ವಿದ್ಯುತ್ತಿನ ಪೆಟ್ಟಿಗೆ, ಮುರಿದ ಚಪ್ಪಡಿ, ನಿಲ್ಲಿಸಿದ ಸ್ಕೂಟರು. ಹೀಗಾಗಿ ನಡೆಯುವವರು ಕೆಳಗಿಳಿದು ಮೋಟಾರುಗಳ ನಡುವೆ ಹೋಗುತ್ತಾರೆ. ಆಮೇಲೆ ಅವರಿಗೆ ಶಿಸ್ತಿಲ್ಲವೆಂಬ ಮಾತೂ ಕೇಳಿಬರುತ್ತದೆ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರಿಯಾದ ಕಾಲುದಾರಿಯನ್ನು ಹೊಂದುವುದು ಸಂವಿಧಾನದ 21ನೆಯ ಅನುಚ್ಛೇದವು ಕೊಟ್ಟಿರುವ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿತು. ಇನ್ನು ಮೇಲೆ ಇದನ್ನು ದಯೆಯಿಂದ ದೊರೆಯುವ ವಸ್ತುವೆಂದು ಯಾರೂ ಎಣಿಸಬೇಕಾಗಿಲ್ಲ.

ಹೆದ್ದಾರಿಯನ್ನು ದಾಟುವುದಕ್ಕೆ ಜಾಹೀರಾತಿನ ಹಲಗೆಗಳನ್ನು ಹೊತ್ತ ಮೇಲುದಾರಿಗಳನ್ನು ಕಟ್ಟಿ, ಅದರಿಂದಲೇ ತೃಪ್ತರಾಗುವುದು ನಮಗೆ ಸಮ್ಮತವಲ್ಲ. ಅತಿವೇಗದ ಹೆದ್ದಾರಿಯಲ್ಲಿ ಅವು ಬೇಕಾಗಬಹುದು. ಆದರೆ ಊರಿನ ರಸ್ತೆಗಳಲ್ಲಿಯೂ ಕಾಲ್ನಡಿಗೆಯವರು ಭಾರದ ಚೀಲದೊಡನೆ ಎರಡು ಮಹಡಿಯಷ್ಟು ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕು, ಕುಳಿತು ಹೋಗುವವರು ಅರ್ಧ ನಿಮಿಷವೂ ನಿಲ್ಲಬೇಕಾದುದಿಲ್ಲ ಎಂಬುದು ಯಾವ ನ್ಯಾಯ? ನೆಲದ ಮಟ್ಟದಲ್ಲಿಯೇ, ದೀಪದ ಸಂಕೇತವುಳ್ಳ ದಾಟುವ ಸ್ಥಳಗಳು ಬೇಕು. ದಾಟಿ ಮುಗಿಸುವಷ್ಟು ಹೊತ್ತು ಆ ದೀಪವು ಉರಿಯಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಆಕ್ಷೇಪಣೆಯನ್ನು ಪೋಷಕರು ಮುಂದಿಡುತ್ತಾರೆ: “ಮೋಟಾರಿನ ಭಯವು ಹೋದರೂ ನಿರ್ಜನವಾದ ದಾರಿಯ ಭಯವು ಹೋಗುವುದೆ?” ಇದನ್ನು ಅಲ್ಲಗಳೆಯಲಾಗದು. ಆದರೆ ದಾರಿಯು ನಿರ್ಜನವಾದುದೇಕೆ? ನಡೆಯುವವರು ಬಿಟ್ಟುಹೋದುದರಿಂದ. ಬೀದಿಯಲ್ಲಿ ಹತ್ತಾರು ಹುಡುಗಿಯರು ಒಟ್ಟಿಗೆ ನಡೆಯುತ್ತಿದ್ದರೆ, ಮೂಲೆಯಲ್ಲಿ ಹೂವು ಮಾರುವವಳು ಕುಳಿತಿದ್ದರೆ, ಜಗುಲಿಯ ಮೇಲೆ ಅಜ್ಜಿಯೊಬ್ಬಳು ಕುಳಿತು ನೋಡುತ್ತಿದ್ದರೆ, ಅದಕ್ಕಿಂತ ದೊಡ್ಡ ಕಾವಲು ಬೇರೆಯಿಲ್ಲ. ಆದುದರಿಂದಲೇ, ಕಾಲುದಾರಿಯನ್ನು ತೆರವು ಮಾಡುವ ಹೆಸರಿನಲ್ಲಿ ಬೀದಿಯ ವ್ಯಾಪಾರಿಗಳನ್ನು ಓಡಿಸುವುದು ಅವಿವೇಕವೆಂದು ನಾವು ಹೇಳುತ್ತೇವೆ. 2014ರ ಬೀದಿ ವ್ಯಾಪಾರಿಗಳ ಕಾನೂನು ಅವರಿಗೆ ಗೊತ್ತಾದ ಸ್ಥಳಗಳನ್ನು ಕೊಡಬೇಕೆಂದು ವಿಧಿಸುತ್ತದೆ. ನಡೆಯುವವರಿಗೆ ಆರಡಿಯನ್ನು ಬಿಟ್ಟು, ಮರದ ನೆರಳಿನಲ್ಲಿ ಅವರಿಗೂ ಒಂದು ತಾವನ್ನು ಗುರುತಿಸಿ, ಸಂಜೆ ದೀಪಗಳನ್ನು ಕಂಬದ ತುದಿಯಲ್ಲಿ ಮಾತ್ರವಲ್ಲದೆ ನಡೆಯುವವರ ತಲೆಯ ಮಟ್ಟಕ್ಕೆ ಸಮೀಪದಲ್ಲಿಯೂ ಹಚ್ಚಿದರೆ, ಬೀದಿಗೆ ಜನರು ತಾವಾಗಿಯೇ ಬರುತ್ತಾರೆ.

ಇದೆಲ್ಲ ಯೂರೋಪಿನವರಿಗೆ ಸಾಧ್ಯ, ನಮಗಲ್ಲವೆಂದು ಹೇಳುವವರು ಹಾಲೆಂಡಿನ ಸಂಗತಿಯನ್ನು ತಿಳಿಯಬೇಕು. ಈಗ ಬೈಸಿಕಲ್ಲುಗಳ ದೇಶವೆಂದು ಹೆಸರಾದ ಅಲ್ಲಿಯೂ 1950ರ ನಂತರ ಮೋಟಾರುಗಳಿಗಾಗಿ ಬೀದಿಗಳನ್ನು ಅಗಲಿಸಿದ್ದರು. 1971ರ ಒಂದೇ ವರ್ಷದಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು; ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಆಗ ತಾಯಿತಂದೆಗಳು ಮಕ್ಕಳೊಡನೆ ಬೀದಿಗಿಳಿದು, ಮಕ್ಕಳ ಕೊಲೆಯನ್ನು ನಿಲ್ಲಿಸಿರೆಂದು ಕೂಗಿ, ರಸ್ತೆಗಳನ್ನು ತಡೆದು ಕುಳಿತರು. ಅನಂತರ ಸರ್ಕಾರಕ್ಕೆ ಬುದ್ಧಿ ಬಂದಿತು. ಬೀದಿಗಳು ಒಂದೊಂದಾಗಿ ಬದಲಾದವು. ಅವರ ಬೈಸಿಕಲ್ ದಾರಿಗಳು ಹವೆಯ ಗುಣದಿಂದಲೋ ಜನಾಂಗದ ಗುಣದಿಂದಲೋ ಹುಟ್ಟಿದವಲ್ಲ.

ನಮ್ಮಲ್ಲಿ ಕಾಗದದ ಮೇಲೆ ಬುದ್ಧಿಗೆ ಕೊರತೆಯಿಲ್ಲ. ಸಾಗಿಸಬೇಕಾದುದು ಜನರನ್ನೇ ಹೊರತು ವಾಹನಗಳನ್ನಲ್ಲವೆಂದು ಕೇಂದ್ರ ಸರ್ಕಾರದ 2006ರ ನಗರ ಸಾರಿಗೆ ನೀತಿಯು ಹೇಳಿತು. ನಡೆಯುವವರ ಮತ್ತು ಬೈಸಿಕಲ್ಲಿನವರ ಹಕ್ಕುಗಳಿಗಾಗಿ ಕರ್ನಾಟಕದ ನಗರ ಭೂಸಾರಿಗೆ ನಿರ್ದೇಶನಾಲಯವು 2021ರಲ್ಲಿ ಒಂದು ಮಸೂದೆಯ ಕರಡನ್ನೇ ಸಿದ್ಧಪಡಿಸಿತು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಆಡಳಿತವು ಐದು ಪಾಲಿಕೆಗಳಾಗಿ ವಿಭಾಗವಾಗಿದೆ. ಹೊಸ ಪಾಲಿಕೆಯವರು ಮೊದಲ ಹಣವನ್ನು ಯಾವುದಕ್ಕೆ ಖರ್ಚುಮಾಡುವರೆಂಬುದನ್ನು ನೋಡಿ ಅವರ ಮನಸ್ಸನ್ನು ನಾವು ತಿಳಿಯಬಹುದು.

ಎಲ್ಲವನ್ನೂ ಸರ್ಕಾರದ ಮೇಲೆ ಹೊರಿಸಿ ಸುಮ್ಮನಿರುವುದೂ ಉಚಿತವಲ್ಲ. ಬೆಳಗ್ಗೆ ಶಾಲೆಗಳ ಬಾಗಿಲಲ್ಲಿ ಮಕ್ಕಳಿಗೆ ಅಪಾಯವನ್ನುಂಟುಮಾಡುವ ಮೋಟಾರುಗಳಲ್ಲಿ ಬಹುಪಾಲು ಬೇರೆ ಮಕ್ಕಳನ್ನು ಬಿಡಲು ಬಂದವೇ. ಜಕ್ಕೂರಿನ ಕೆರೆಯ ಏರಿಯ ಮೇಲೆ ಆರೋಗ್ಯಕ್ಕಾಗಿ ನಡೆಯುವವರಲ್ಲಿ ಕೆಲವರು, ಅಲ್ಲಿಗೆ ನಡೆದು ಹೋಗುವಂತಿಲ್ಲವಾದುದರಿಂದ ಕಾರಿನಲ್ಲಿ ಬಂದು ನಡೆದು, ಕಾರಿನಲ್ಲಿಯೇ ಹಿಂದಿರುಗುತ್ತಾರೆ. ಪೋಷಕರು ಬಾಗಿಲಿನವರೆಗೆ ವಾಹನವನ್ನು ತರದೆ ಎರಡು ಫರ್ಲಾಂಗು ದೂರದಲ್ಲಿಯೇ ಮಕ್ಕಳನ್ನು ಇಳಿಸಿದರೆ, ಒಂದು ಬೀದಿಯ ಹುಡುಗಿಯರು ಗುಂಪು ಸೇರಿ ಒಬ್ಬ ಹಿರಿಯಳೊಡನೆ ನಡೆದು ಬರುವ ಏರ್ಪಾಡನ್ನು ಮಾಡಿದರೆ, ನಾಳೆಯೇ ಅರ್ಧ ಕೆಲಸವಾಗುವುದು. ಶಾಲೆಯೊಳಗೆ ಬೈಸಿಕಲ್ಲುಗಳಿಗೆ ನೆರಳಿನ ಸ್ಥಳವನ್ನು ಒದಗಿಸುವುದು ನಮ್ಮ ಕರ್ತವ್ಯ; ಒಂದು ಕಾರು ನಿಲ್ಲುವ ಕಡೆ ಹತ್ತು ಬೈಸಿಕಲ್ಲುಗಳು ನಿಲ್ಲುತ್ತವೆ.

ಮುಂದಿನ ವರ್ಷ ನಮ್ಮ ಭೂಗೋಳದ ಮತ್ತು ಗಣಿತದ ತರಗತಿಗಳಿಗೆ ಒಂದು ಕೆಲಸವನ್ನು ಕೊಡಬೇಕೆಂದು ಯೋಚಿಸಿದ್ದೇವೆ. ಶಾಲೆಯ ಸುತ್ತಣ ಒಂದು ಮೈಲಿಯ ಬೀದಿಗಳನ್ನು ವಿದ್ಯಾರ್ಥಿನಿಯರು ಅಳತೆಯ ಪಟ್ಟಿಯನ್ನು ಹಿಡಿದು ಅಳೆಯುವರು. ಕಾಲುದಾರಿಯ ಅಗಲವೆಷ್ಟು, ಎತ್ತರವೆಷ್ಟು, ಚಪ್ಪಡಿ ಎಲ್ಲಿ ಮುರಿದಿದೆ, ದೀಪ ಎಲ್ಲಿ ಇಲ್ಲ, ಬೀದಿಯನ್ನು ದಾಟಲು ಎಷ್ಟು ನಿಮಿಷ ಕಾಯಬೇಕಾಯಿತು ಎಂಬುದನ್ನೆಲ್ಲ ನಕ್ಷೆಯಲ್ಲಿ ಬರೆಯುವರು. ಆ ನಕ್ಷೆಯನ್ನು ಪಾಲಿಕೆಯ ಇಂಜಿನಿಯರರಿಗೆ ಒಪ್ಪಿಸುವೆವು. ಹಳೆಯ ವಿದ್ಯಾರ್ಥಿನಿಯರಲ್ಲಿ ಇಂಜಿನಿಯರುಗಳೂ ವಕೀಲರೂ ಸರ್ಕಾರಿ ನೌಕರರೂ ಇದ್ದಾರೆ; ಈ ಕಾರ್ಯದಲ್ಲಿ ಅವರು ತಮ್ಮ ತಂಗಿಯರಿಗೆ ನೆರವಾಗಬೇಕೆಂದು ಕೋರುತ್ತೇವೆ. ಈ ಸಂಚಿಕೆಯನ್ನು ಓದುವ ಪೋಷಕರು ಒಂದು ದಿನವಾದರೂ ತಮ್ಮ ಮಗಳೊಡನೆ ಶಾಲೆಯವರೆಗೆ ನಡೆದು ಬರಲಿ. ಎಲ್ಲೆಲ್ಲಿ ತಮ್ಮ ಕೈಯು ತಾನಾಗಿ ಅವಳ ಕೈಯನ್ನು ಬಿಗಿಯಾಗಿ ಹಿಡಿಯಿತೆಂಬುದನ್ನು ಗುರುತಿಟ್ಟುಕೊಂಡು ನಮಗೆ ಬರೆದು ತಿಳಿಸಲಿ. ಆ ಸ್ಥಳಗಳನ್ನೂ ನಕ್ಷೆಯಲ್ಲಿ ಸೇರಿಸುವೆವು.

— ಮುಖ್ಯೋಪಾಧ್ಯಾಯಿನಿ